ನಡು ಮೈದಾನದ ನೀರುಗಂಟಿ: ಕಾರ್ಲ್‌ಟನ್ ಚಾಪ್‌ಮನ್

ಜಾವಗಲ್ ಶ್ರೀನಾಥ್ ಯಾರು ಅಂತ ಕೇಳಿದರೆ ನಮ್ಮ ಹಾಸನ ಜಿಲ್ಲೆಯಲ್ಲಿ ಅಜ್ಜ ಅಜ್ಜಿಯರೂ ಹೇಳುತ್ತಾರೆ. ಕಾರ್ಲ್‌ಟನ್ ಚಾಪ್‌ಮನ್ ಯಾರು ಅಂತ ಕೇಳಿದರೆ? ಹೆಸರು ನೋಡಿ ಇಂಗ್ಲೆಂಡಿನವರು ಅಂದುಕೊಳ್ಳಬೇಡಿ. ಅವರು ನಮ್ಮ ಬೆಂಗಳೂರಿನವರೇ. 1971ರ ಏಪ್ರಿಲ್ 13ರಂದು ಹುಟ್ಟಿದರು. ಭಾರತದ ಫುಟ್‌ಬಾಲ್ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿದ್ದರು.

ಮಿಡ್‌ಫೀಲ್ಡರ್ ಅಂದರೆ ಏನು? ಫುಟ್‌ಬಾಲ್ ತಂಡದಲ್ಲಿ 11 ಜನ ಇರುತ್ತಾರೆ. ಗೋಲ್ ಕೀಪರ್ ಮುಂದೆ ನಿಂತು ಚೆಂಡು ತಡೆಯುವವರು ಡಿಫೆಂಡರ್‌ಗಳು. ಎದುರಾಳಿಯ ಗೋಲಿಗೆ ನುಗ್ಗಿ ಹೊಡೆಯುವವರು ಫಾರ್ವರ್ಡ್‌ಗಳು. ಇವರಿಬ್ಬರ ಮಧ್ಯೆ ಆಡುವವರೇ ಮಿಡ್‌ಫೀಲ್ಡರ್‌ಗಳು. ಹಿಂದಿನಿಂದ ಬಂದ ಚೆಂಡನ್ನು ಸರಿಯಾದ ಹೊತ್ತಿಗೆ ಸರಿಯಾದ ಕಡೆಗೆ ಕಳಿಸುವುದು ಇವರ ಕೆಲಸ. ಚೆಂಡು ಕೈ ತಪ್ಪಿದರೆ ಹಿಂದಕ್ಕೆ ಓಡಿ ಕಿತ್ತುಕೊಳ್ಳಲೂಬೇಕು. ನಾಲೆ ನೀರನ್ನು ಯಾವ ಗದ್ದೆಗೆ ಯಾವಾಗ ಬಿಡಬೇಕು ಅಂತ ನೀರುಗಂಟಿ ನೋಡಿಕೊಳ್ಳುತ್ತಾನಲ್ಲ, ಹಾಗೇ ಇದು. ಪೈರು ಚೆನ್ನಾಗಿ ಬಂದರೆ ಗದ್ದೆಯವರನ್ನು ಹೊಗಳುತ್ತೇವೆ. ನೀರುಗಂಟಿ ಯಾರಿಗೂ ನೆನಪಾಗೋದಿಲ್ಲ.

ಚಾಪ್‌ಮನ್ 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. 1993ರಲ್ಲಿ ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡ ಇರಾಕ್ ದೇಶದ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿತು. ಆ ಪಂದ್ಯದಲ್ಲಿ ಚಾಪ್‌ಮನ್ 3 ಗೋಲು ಹೊಡೆದರು! ಇಪ್ಪತ್ತೆರಡೇ ವರ್ಷದ ಹುಡುಗನ ಹೆಸರು ಕೊಲ್ಕತ್ತಾದಲ್ಲಿ ಮನೆಮಾತಾಯಿತು.

1995ರಲ್ಲಿ ಪಂಜಾಬಿನ ಜೆ.ಸಿ.ಟಿ. ತಂಡಕ್ಕೆ ಹೋದರು. ಅಲ್ಲಿ ಕೇರಳದ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ ಇವರ ಜೊತೆ ಆಡಿದರು. 1996-97ರಲ್ಲಿ ನಡೆದ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಈ ತಂಡವೇ ಗೆದ್ದಿತು. ಭುಟಿಯಾ ಅದರಲ್ಲಿ 14 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಪುಸ್ತಕದಲ್ಲಿ ಆ 14 ಗೋಲಿನ ಲೆಕ್ಕ ಸಿಗುತ್ತದೆ. ಮಧ್ಯದಲ್ಲಿ ನಿಂತು ಚೆಂಡು ಸಾಗಿಸಿದವರ ಓಟಕ್ಕೆ ಲೆಕ್ಕ ಇಟ್ಟವರು ಯಾರು?

2000-01ರಲ್ಲಿ ಚಾಪ್‌ಮನ್ ನಾಯಕರಾಗಿ ಈಸ್ಟ್ ಬೆಂಗಾಲ್‌ಗೆ ಅದೇ ಲೀಗನ್ನು ಗೆದ್ದುಕೊಟ್ಟರು. 2001ರಲ್ಲಿ ಆಟ ಬಿಟ್ಟರು. ಆಮೇಲೆ ಕೋಚ್ ಆಗಿ, ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ಕಲಿಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 49 ವರ್ಷ ಅಷ್ಟೇ.

ಈಗ ನಮ್ಮ ವಿಷಯಕ್ಕೆ ಬರೋಣ. ಹೋಬಳಿ ಮಟ್ಟದ ಆಟಕ್ಕೆ ಟೀಮ್ ಮಾಡುವಾಗ ನಮ್ಮಲ್ಲಿ ಎಲ್ಲರೂ "ನಾನು ಮುಂದೆ ಆಡ್ತೀನಿ" ಅಂತ ಜಗಳ ಆಡುತ್ತಾರೆ. ಮಧ್ಯದಲ್ಲಿ ನಿಲ್ಲಿಸಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಎಲ್ಲರೂ ಮುಂದಕ್ಕೆ ಓಡಿದರೆ ಚೆಂಡು ತಂದುಕೊಡುವವರು ಯಾರು? ಇನ್ನು ಮೇಲೆ ಗೋಲು ಬಿದ್ದಾಗ ಹೊಡೆದವನಿಗೆ ಚಪ್ಪಾಳೆ ತಟ್ಟೋಣ, ಪಾಸ್ ಕೊಟ್ಟವನ ಹೆಸರನ್ನೂ ಕೂಗೋಣ.