ಪರದೇಶಯಾತ್ರೆಯೂ ಉಳಿತಾಯದ ಹಣವೂ

ಬಂಟವಾಳ ತಾಲೂಕಿನ ಮೆಲ್ಕಾರ್ ದೊಡ್ಡ ಪಟ್ಟಣವೇನೂ ಅಲ್ಲ. ನೇತ್ರಾವತಿಯನ್ನು ದಾಟಿ ಪಾಣೆಮಂಗಳೂರಿನ ಕಡೆಯಿಂದ ಕಲ್ಲಡ್ಕಕ್ಕೆ ಸಾಗುವ ಹೆದ್ದಾರಿಯಲ್ಲಿ, ಮುಡಿಪಿನ ಕಡೆಯ ಮಾರ್ಗವು ಕವಲೊಡೆಯುವಲ್ಲಿ ಬೆಳೆದ ಪೇಟೆ ಅದು. ಆದರೆ ಆ ಪೇಟೆಯಿಂದಲೂ ಅದರ ಸುತ್ತಣ ಗ್ರಾಮಗಳಿಂದಲೂ, ಬೆಳ್ತಂಗಡಿ ಮೂಡಬಿದ್ರೆಗಳ ಕಡೆಯಿಂದಲೂ ಹೊಟ್ಟೆಪಾಡಿಗಾಗಿ ಕಡಲು ದಾಟಿದವರ ಸಂಖ್ಯೆ ಸಣ್ಣದಲ್ಲ. ದುಬೈ, ದಮಾಮ್, ದೋಹಾ, ಕುವೈತ್, ಮಸ್ಕತ್ ಎಂಬ ಹೆಸರುಗಳು ಇಲ್ಲಿಯ ಮನೆಮನೆಗಳಲ್ಲಿ ಪುತ್ತೂರು ಸುಳ್ಯಗಳಷ್ಟೇ ಬಳಕೆಯಲ್ಲಿರುವುವು. ಹಿಂದೆ ಮುಂಬಯಿಗೆ ಹೋಗಿ ವಿಮಾನವೇರಬೇಕಾಗಿದ್ದವರಿಗೆ 2006ರಿಂದ ಬಜಪೆಯಲ್ಲಿಯೇ ಆ ಅನುಕೂಲವು ಒದಗಿದೆ.

ಹೀಗೆ ಹೊರಡುವವನು ವೀಸಾ ವಿಚಾರಿಸುತ್ತಾನೆ; ಸಂಬಳವೆಷ್ಟು, ವಸತಿ ಯಾರದು, ರಜೆ ಎಂದು ಎಂಬುದನ್ನು ಕೇಳಿ ತಿಳಿಯುತ್ತಾನೆ. ಆದರೆ ಇಲ್ಲಿರುವ ತನ್ನ ಉಳಿತಾಯವೇನಾಗಬೇಕು, ಅಲ್ಲಿ ಗಳಿಸಿದ್ದು ಯಾವ ದಾರಿಯಿಂದ ಊರಿಗೆ ಬರಬೇಕು, ಬಂದದ್ದು ಬೇಕಾದಾಗ ಮರಳಿ ಹೋಗಬಲ್ಲುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವವರು ವಿರಳ. ಉಳಿತಾಯವೆಂದರೆ ಕೂಡಿಟ್ಟ ಆಯುಷ್ಯವಲ್ಲದೆ ಬೇರೇನೂ ಅಲ್ಲ. ಇಪ್ಪತ್ತು ವರ್ಷ ಮರಳುಗಾಡಿನ ಬಿಸಿಲಿನಲ್ಲಿ ಸವೆಸಿದ ಆಯುಷ್ಯವು ಅರಿಯದೆ ಮಾಡಿದ ಒಂದು ತಪ್ಪಿನಿಂದ ಪರರ ಪಾಲಾಗುವುದಾದರೆ ಅದಕ್ಕಿಂತ ಮರುಕದ ಸಂಗತಿ ಯಾವುದು?

ನಮ್ಮ ಜಿಲ್ಲೆಯಲ್ಲಿಯೇ ಈ ಅಜ್ಞಾನವು ಉಳಿದಿರುವುದು ದೀಪದ ಕೆಳಗಿನ ಕತ್ತಲೆಯೇ ಸರಿ. ಮೆಲ್ಕಾರ್ ಇರುವ ಈ ಜಿಲ್ಲೆಯಲ್ಲಿಯೇ ಅಮ್ಮೆಂಬಳವಿರುವುದು. ಆ ಊರಿನ ಹೆಸರನ್ನು ಹೊತ್ತ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯೇ ಇಂದಿನ ಕೆನರಾ ಬೇಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಎರಡಾಣೆಯನ್ನು ಉಳಿಸಬಲ್ಲವನ ಬಾಗಿಲಿಗೂ ಬೇಂಕನ್ನು ಕರೆತಂದಿತು. ಕರ್ಣಾಟಕ ಬೇಂಕು 1924ರಲ್ಲಿಯೂ ವಿಜಯಾ ಬೇಂಕು 1931ರಲ್ಲಿಯೂ ಮಂಗಳೂರಿನಲ್ಲಿ ಉದಯಿಸಿದುವು. ಹನಿಗೂಡಿದರೆ ಹಳ್ಳ ಎಂಬುದನ್ನು ನಾಡಿಗೆ ಮಾಡಿ ತೋರಿಸಿದ ಜಿಲ್ಲೆ ಇದು. ಕೂಡಿಸುವ ವಿದ್ಯೆಯನ್ನು ನಾವು ಕಲಿತೆವು. ಕೂಡಿದ್ದನ್ನು ಗಡಿ ದಾಟಿಸುವ ವಿದ್ಯೆಯನ್ನು ಇನ್ನೂ ಕಲಿಯಬೇಕಾಗಿದೆ.

ಗಡಿ ದಾಟುವ ಹಣಕ್ಕೆ ಎಂತಹ ಅಪಾಯಗಳಿರುವುವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಒಂದು ಕಾಲದಲ್ಲಿ ಕೊಲ್ಲಿಯ ಅನೇಕ ಸಂಸ್ಥಾನಗಳಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯಿಂದ ದೇಶದ ವಿದೇಶೀ ದ್ರವ್ಯವು ಸೋರಿಹೋಗುತ್ತಿದ್ದುದನ್ನು ತಡೆಯಲು 1959ರಲ್ಲಿ ಭಾರತ ಸರಕಾರವು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಕುವೈತ್ 1961ರಲ್ಲಿಯೂ ಬಹರೈನ್ 1965ರಲ್ಲಿಯೂ ತಮ್ಮವೇ ಆದ ದಿನಾರುಗಳಿಗೆ ತೆರಳಿದುವು. 1966ರ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. ಅದುವರೆಗೆ ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಮೊದಲ ದಿನ 21 ಡಾಲರಿಗೆ ಸಮನಾಗಿದ್ದ ನೂರು ರೂಪಾಯಿ ಮರುದಿನ 13 ಡಾಲರಿನಷ್ಟಾಗಿ ಕುಗ್ಗಿತು. ಉಳಿದ ಸಂಸ್ಥಾನಗಳೂ ಆ ಬಳಿಕ ರೂಪಾಯಿಯನ್ನು ಬಿಟ್ಟುವು; ಓಮಾನಿನಲ್ಲಿ ಮಾತ್ರ ಅದು 1970ರ ವರೆಗೆ ಉಳಿಯಿತು. ಹಣದ ಮೇಲೆ ಅಚ್ಚಾದ ಅಂಕೆ ಬದಲಾಗದಿದ್ದರೂ ಅದರ ಸತ್ತ್ವವು ಬದಲಾಗುವುದೆಂಬುದು ಇಲ್ಲಿಯ ಪಾಠ.

ಇದಕ್ಕಿಂತಲೂ ಕಠಿಣವಾದ ಪಾಠವನ್ನು ಕಲಿಸಿದುದು 1990ರ ಆಗಸ್ಟು 2ರಂದು ಇರಾಕು ಕುವೈತಿನ ಮೇಲೆ ನಡೆಸಿದ ಆಕ್ರಮಣ. ಮೂರು ಡಾಲರಿಗೂ ಮಿಗಿಲಾದ ಬೆಲೆಯಿದ್ದ ಕುವೈತಿ ದಿನಾರನ್ನು ಆಕ್ರಮಣಕಾರರು ಮೊದಲು ಇರಾಕಿನ ದಿನಾರಿಗೆ ಸಮವೆಂದು ಸಾರಿ, ಬಳಿಕ ಚಲಾವಣೆಯಿಂದಲೇ ತೆಗೆದುಹಾಕಿದರು. ಸುಮಾರು 1,70,000 ಭಾರತೀಯರು, ಅವರಲ್ಲಿ ಬಹುಮಂದಿ ಜೋರ್ಡಾನಿನ ಅಮ್ಮಾನಿನ ದಾರಿಯಾಗಿ, ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದರು. ಪ್ರತಿ ತಿಂಗಳೂ ಊರಿಗೆ ಕಳುಹಿಸುತ್ತ ಬಂದವನ ಹಣವು ಊರಿನ ಬೇಂಕಿನಲ್ಲಿ ಸುರಕ್ಷಿತವಾಗಿತ್ತು. ಪೆಟ್ಟಿಗೆಯಲ್ಲಿ ನೋಟುಗಳನ್ನು ಕಟ್ಟಿಟ್ಟವನ ಕೈಯಲ್ಲಿ ಕಾಗದ ಮಾತ್ರ ಉಳಿಯಿತು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗವು ತೊರೆದುಬಂದ ವ್ಯಕ್ತಿಗಳಿಗೆ 2,500 ಡಾಲರಿನಿಂದ 4,000 ಡಾಲರಿನವರೆಗೆ ನಿಗದಿತ ಪರಿಹಾರವನ್ನು ಕೊಡುವ ಏರ್ಪಾಡು ಮಾಡಿತು. ಅದಕ್ಕೂ ದಾಖಲೆ ಬೇಕಾಗಿತ್ತೆಂಬುದನ್ನು ಮರೆಯಲಾಗದು.

ಈಗ ಇಂದಿನ ಕಾಯಿದೆಯನ್ನು ನೋಡೋಣ. 1973ರ ಕಠೋರವಾದ ಕಾನೂನಿನ ಸ್ಥಾನದಲ್ಲಿ 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯು 2000ದ ಜೂನ್ 1ರಿಂದ ಜಾರಿಯಲ್ಲಿರುವುದು. ಉದ್ಯೋಗಕ್ಕಾಗಿ ದೇಶವನ್ನು ಬಿಟ್ಟವನು ಇದರ ದೃಷ್ಟಿಯಲ್ಲಿ ಅನಿವಾಸಿ. ಅವನ ಹಳೆಯ ಉಳಿತಾಯ ಖಾತೆಯು ಇದ್ದಂತೆಯೇ ಇರತಕ್ಕದ್ದಲ್ಲ. ಅದನ್ನು ಎನ್‌ಆರ್‌ಓ ಎಂಬ ಅನಿವಾಸಿ ಸಾಮಾನ್ಯ ಖಾತೆಯಾಗಿ ಮಾರ್ಪಡಿಸಬೇಕು. ಊರಿನ ಬಾಡಿಗೆ, ಪಿಂಚಣಿ ಮೊದಲಾದ ಇಲ್ಲಿಯ ಆದಾಯಕ್ಕೆ ಈ ಖಾತೆ. ಅಲ್ಲಿಯ ಸಂಬಳವನ್ನು ತರುವುದಕ್ಕೆ ಎನ್‌ಆರ್‌ಇ ಎಂಬ ಬೇರೆ ಖಾತೆಯಿದೆ. 1970ರಲ್ಲಿ ಆರಂಭವಾದ ಏರ್ಪಾಡು ಇದು. ಎನ್‌ಆರ್‌ಇ ಖಾತೆಯ ಅಸಲನ್ನೂ ಬಡ್ಡಿಯನ್ನೂ ಯಾವಾಗ ಬೇಕಾದರೂ ಪರದೇಶಕ್ಕೆ ಒಯ್ಯಬಹುದು. ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಆದಾಯ ತೆರಿಗೆಯಿಲ್ಲ. ಎನ್‌ಆರ್‌ಓ ಖಾತೆಯ ಬಡ್ಡಿಗಾದರೋ ತೆರಿಗೆಯುಂಟು. ಅದರಿಂದ ಹೊರಕ್ಕೆ ಒಯ್ಯಲು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿಯೂ, ತೆರಿಗೆ ಸಂದಾಯದ ಘೋಷಣೆಯೂ, ಅಗತ್ಯವಿದ್ದಲ್ಲಿ ಲೆಕ್ಕಪರಿಶೋಧಕನ ಪ್ರಮಾಣಪತ್ರವೂ ಬೇಕು. ರೂಪಾಯಿ ಇಳಿದೀತೆಂಬ ಭಯವುಳ್ಳವನಿಗೆ ವಿದೇಶೀ ನಾಣ್ಯದಲ್ಲಿಯೇ ಇಡುವ ಎಫ್‌ಸಿಎನ್‌ಆರ್ ಠೇವಣಿಯಿದೆ. ಒಂದೇ ಹಣ ಯಾವ ಖಾತೆಯ ಬಾಗಿಲಿನಿಂದ ಒಳಗೆ ಬಂದಿತೆಂಬುದರ ಮೇಲೆ ಅದರ ಹೊರಹೋಗುವ ಹಕ್ಕು ನಿಂತಿದೆ.

ಆದರೆ ನಮ್ಮಲ್ಲಿ ರೂಢಿಯಾಗಿರುವುದು ಬೇರೆ. ಮಗನು ತಂದೆಯ ಖಾತೆಗೆ, ತಮ್ಮನು ಅಣ್ಣನ ಖಾತೆಗೆ ಕಳುಹಿಸುತ್ತಾನೆ. ಮನೆಯ ಖರ್ಚಿಗೆ ಇದು ಸರಿಯೇ. ಇಡಿಯ ಉಳಿತಾಯವನ್ನೇ ಹಾಗೆ ಕಳುಹಿಸಿದರೆ ಕಾನೂನಿನ ಕಣ್ಣಿಗೆ ಅದು ಅಣ್ಣನ ಹಣವಾಗಿ ಕಾಣುವುದು. ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬಂದ ದಿನ ಬೆವರಿಗೆ ಸಾಕ್ಷಿಯಿಲ್ಲ, ಪಾಸ್‌ಬುಕ್ಕಿಗೆ ಮಾತ್ರ ಸಾಕ್ಷಿ. ಇದನ್ನು ತಪ್ಪಿಸಲು ದಾರಿಯಿದೆ. ಎನ್‌ಆರ್‌ಇ ಖಾತೆಯಲ್ಲಿ ಊರಿನ ಹತ್ತಿರದ ಬಂಧುವನ್ನು ಉತ್ತರಜೀವಿಯಾಗಿ ಸೇರಿಸಬಹುದು. ಊರಿನ ಖರ್ಚುಗಳಿಗಾಗಿ ಮುಕ್ತ್ಯಾರುನಾಮೆಯನ್ನು ಕೊಡಬಹುದು. ಹಣವೂ ತನ್ನದಾಗಿ ಉಳಿಯುವುದು, ಮನೆಯೂ ನಡೆಯುವುದು. ಇನ್ನೊಂದು ಸಂಗತಿ: ಉಳಿಸಿದ ಹಣದಲ್ಲಿ ಅಡಿಕೆ ತೋಟ ಕೊಳ್ಳಬೇಕೆಂಬುದು ಇಲ್ಲಿಯ ಪ್ರತಿಯೊಬ್ಬ ಪ್ರವಾಸಿಯ ಕನಸು. ಅನಿವಾಸಿಯು ಮನೆಯನ್ನು ಕೊಳ್ಳಬಹುದು; ಕೃಷಿಭೂಮಿ, ತೋಟಗಳನ್ನು ಕ್ರಯಕ್ಕೆ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಪಡೆಯಬಹುದಷ್ಟೇ. ತಿಳಿಯದೆ ಮುಂಗಡ ಕೊಟ್ಟು ಬಳಿಕ ಪರಿತಪಿಸುವುದು ಯಾರಿಗೂ ಬೇಡ.

ವಿನಿಮಯದ ದರವೂ ಕಣ್ಣಿಗೆ ಕಾಣದ ತೆರಿಗೆಯಂತೆಯೇ. ದಿರ್ಹಮ್ ಡಾಲರಿಗೆ 3.6725ರಂತೆಯೂ ಸೌದಿ ರಿಯಾಲು 3.75ರಂತೆಯೂ ಕಟ್ಟಲ್ಪಟ್ಟಿರುವುದರಿಂದ, ದರದ ಏರಿಳಿತವೆಲ್ಲ ರೂಪಾಯಿ-ಡಾಲರುಗಳ ನಡುವಿನದು. ‘ಕಳುಹಿಸಲು ಶುಲ್ಕವಿಲ್ಲ’ ಎಂಬ ಫಲಕವನ್ನು ಕಂಡು ಮರುಳಾಗಬಾರದು. ಹತ್ತು ಸಾವಿರ ದಿರ್ಹಮ್ ಕಳುಹಿಸುವವನಿಗೆ ದಿರ್ಹಮಿಗೆ ಇಪ್ಪತ್ತು ಪೈಸೆ ಕಡಿಮೆ ಕೊಟ್ಟರೆ ಎರಡು ಸಾವಿರ ರೂಪಾಯಿ ಹೋಯಿತು. ಶುಲ್ಕವೆಷ್ಟು ಎಂದು ಕೇಳುವುದು ಸಾಲದು. ಊರಿನ ಖಾತೆಗೆ ಎಷ್ಟು ರೂಪಾಯಿ ಮುಟ್ಟುವುದು ಎಂಬುದೊಂದೇ ಸರಿಯಾದ ಪ್ರಶ್ನೆ. ಕಳುಹಿಸುವ ವೆಚ್ಚವನ್ನು 2030ರೊಳಗೆ ನೂರಕ್ಕೆ ಮೂರಕ್ಕಿಂತ ಕೆಳಗಿಳಿಸಬೇಕೆಂದು ವಿಶ್ವಸಂಸ್ಥೆಯೇ ಗುರಿಯಿಟ್ಟಿರುವುದರಿಂದ ಈ ಸೋರಿಕೆ ಎಷ್ಟು ವ್ಯಾಪಕವೆಂಬುದನ್ನು ವಾಚಕರು ಊಹಿಸಬಹುದು.

ದರದ ಆಸೆಯೇ ಕೆಲವರನ್ನು ಹವಾಲಾದ ಕಡೆಗೆ ಸೆಳೆಯುವುದು. ಅಲ್ಲಿ ಕೊಟ್ಟದ್ದು ಇಲ್ಲಿ ಮನೆಬಾಗಿಲಿಗೆ ಬರುವುದು ನಿಜ. ಬಾರದಿದ್ದರೆ ಕೇಳಲು ಚೀಟಿಯೂ ಇಲ್ಲ, ನ್ಯಾಯಾಸ್ಥಾನವೂ ಇಲ್ಲ. ಬಂದರೂ ಆ ಹಣಕ್ಕೆ ಹುಟ್ಟುಪತ್ರವಿಲ್ಲ. ಮನೆ ಕಟ್ಟಿದಾಗ ಇದು ಎಲ್ಲಿಯದೆಂದು ತೆರಿಗೆಯ ಅಧಿಕಾರಿ ಕೇಳಿದರೆ ಪ್ರಾಮಾಣಿಕನೂ ಕಳ್ಳನಂತೆ ನಿಲ್ಲಬೇಕಾಗುವುದು. ಕಾಯಿದೆಯ ಮೇರೆಗೆ ಒಳಗೊಂಡ ಹಣದ ಮೂರು ಪಟ್ಟಿನವರೆಗೆ ದಂಡವುಂಟು. ನಾಲ್ಕು ಕಾಸಿನ ಲಾಭಕ್ಕೆ ನಾಲ್ಕು ವರ್ಷದ ದುಡಿಮೆಯನ್ನು ಪಣವಿಡುವುದು ವಿವೇಕವಲ್ಲ.

ಇಲ್ಲಿಯ ಉಳಿತಾಯವನ್ನೇ ಹೊರದೇಶಕ್ಕೆ ಒಯ್ಯಬೇಕಾದವರೂ ಈಗ ಹೆಚ್ಚುತ್ತಿರುವರು. ಓದಲಿಕ್ಕೂ ನೆಲಸಲಿಕ್ಕೂ ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊರಟ ಮಕ್ಕಳ ತಂದೆತಾಯಿಗಳು ಇಂತಹರು. 2004ರಲ್ಲಿ 25,000 ಡಾಲರಿನಿಂದ ಮೊದಲಾದ ಉದಾರೀಕೃತ ಯೋಜನೆಯ ಮಿತಿಯು 2015ರಿಂದ ವರ್ಷಕ್ಕೆ ತಲೆಗೆ 2,50,000 ಡಾಲರು. ಹತ್ತು ಲಕ್ಷ ರೂಪಾಯಿಗಳನ್ನು ಮೀರಿದರೆ ಬೇಂಕು ಮೂಲದಲ್ಲಿಯೇ ತೆರಿಗೆಯನ್ನು ಸಂಗ್ರಹಿಸುವುದು. ಶಿಕ್ಷಣ ಚಿಕಿತ್ಸೆಗಳಿಗೆ ಅದರ ದರ ಕಡಿಮೆ, ಉಳಿದ ಹಲವು ಕಾರಣಗಳಿಗೆ ನೂರಕ್ಕೆ ಇಪ್ಪತ್ತು. ಈ ಮೊತ್ತವು ಮುಳುಗಿಹೋಗುವಂಥದಲ್ಲ. ವಾರ್ಷಿಕ ಲೆಕ್ಕವನ್ನು ಒಪ್ಪಿಸಿದರೆ ತೆರಿಗೆಗೆ ವಜಾ ಆಗುವುದು ಅಥವಾ ಹಿಂದಿರುಗಿ ಬರುವುದು. ಆದರೆ ಹೊರಡುವ ವಾರದಲ್ಲಿ ಇದನ್ನು ತಿಳಿದವನಿಗೆ ಕೈಯ ಹಣ ಸಾಲದೆ ಹೋಗುವುದು. ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ?

ಮರಳಿ ಬರುವವನಿಗೂ ಕರ್ತವ್ಯಗಳಿವೆ. ಸೇವೆಯ ಕೊನೆಯಲ್ಲಿ ಬರತಕ್ಕ ಉಪದಾನವನ್ನು ಲೆಕ್ಕಹಾಕಿ ಪಡೆಯಬೇಕು. ಅರಬ್ ಎಮಿರೇಟ್ಸ್‌ನಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಆಮೇಲೆ 30 ದಿನಗಳದು. ಅಲ್ಲಿಯ ಖಾತೆಯನ್ನು ಮುಚ್ಚಿ, ಸಾಲ ತೀರಿದ ಪತ್ರವನ್ನು ಪಡೆದೇ ಹೊರಡಬೇಕು. ನೋಟುಗಳ ರೂಪದಲ್ಲಿ ಐದು ಸಾವಿರ ಡಾಲರಿಗೆ ಮೀರಿದ ಹಣವನ್ನು ತಂದರೆ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳಲ್ಲಿ ಘೋಷಿಸಬೇಕು. ಊರಿನಲ್ಲಿ ನೆಲಸಿದ ಬಳಿಕ ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ಎಫ್‌ಸಿಎನ್‌ಆರ್ ಠೇವಣಿಯು ಅವಧಿ ಮುಗಿಯುವ ತನಕ ಮುಂದುವರಿಯಬಹುದು. ಮತ್ತೆ ಹೊರಡುವ ಯೋಚನೆಯುಳ್ಳವನು ಹಣವನ್ನು ವಿದೇಶೀ ನಾಣ್ಯದಲ್ಲಿಯೇ ಇಡಲು ಆರ್‌ಎಫ್‌ಸಿ ಎಂಬ ಖಾತೆಯೂ ಉಂಟು.

ಎಲ್ಲಕ್ಕಿಂತ ಮಿಗಿಲಾಗಿ ನಾಮನಿರ್ದೇಶನ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಬಜಪೆಯಲ್ಲಿ ಉರಿದು 158 ಮಂದಿ ಅಸುನೀಗಿದ ದಿನವನ್ನು ಈ ಜಿಲ್ಲೆ ಮರೆತಿಲ್ಲ. ಮನೆಯ ಯಜಮಾನನು ಎಲ್ಲಿ ಎಷ್ಟು ಇಟ್ಟಿರುವನೆಂಬುದು ಮನೆಯವರಿಗೆ ತಿಳಿಯದಿದ್ದರೆ, ದುಃಖದ ಮೇಲೆ ದಾರಿದ್ರ್ಯವೂ ಬಂದೆರಗುವುದು. ಸಿಂಡಿಕೇಟು, ಕಾರ್ಪೊರೇಶನ್, ವಿಜಯಾ ಬೇಂಕುಗಳು 2019 ಮತ್ತು 2020ರಲ್ಲಿ ಬೇರೆ ಬೇಂಕುಗಳಲ್ಲಿ ವಿಲೀನವಾದ ಮೇಲೆ ಹಳೆಯ ಪಾಸ್‌ಬುಕ್ಕುಗಳನ್ನು ಹಿಡಿದವರು ಖಾತೆಯ ವಿವರಗಳನ್ನು ಹೊಸದಾಗಿ ಸರಿಪಡಿಸಿಕೊಳ್ಳುವುದೂ ಅವಶ್ಯ.

ಇಷ್ಟೆಲ್ಲ ಎಚ್ಚರಿಕೆಯ ಭಾರವನ್ನು ಕೂಲಿಕಾರನ ಹೆಗಲಿಗೇ ಹೊರಿಸಿ ಸುಮ್ಮನಿರುವುದು ನ್ಯಾಯವೇ? ವಿಶ್ವ ಬೇಂಕಿನ ಅಂದಾಜಿನಂತೆ 2024ರಲ್ಲಿ ಹೊರಗಣ ಭಾರತೀಯರು ಸ್ವದೇಶಕ್ಕೆ ಕಳುಹಿಸಿದುದು ಸುಮಾರು 12,900 ಕೋಟಿ ಡಾಲರು. ಜಗತ್ತಿನಲ್ಲಿ ಇಷ್ಟನ್ನು ಪಡೆದ ದೇಶ ಬೇರೊಂದಿಲ್ಲ. 1991ರಲ್ಲಿ ರಿಜರ್ವ್ ಬೇಂಕು 47 ಟನ್ನುಗಳಷ್ಟು ಚಿನ್ನವನ್ನು ಇಂಗ್ಲೆಂಡು ಜಪಾನುಗಳ ಕೇಂದ್ರ ಬೇಂಕುಗಳಲ್ಲಿ ಒತ್ತೆಯಿಡಬೇಕಾಗಿ ಬಂದುದಕ್ಕೆ ಅನಿವಾಸಿಗಳ ಠೇವಣಿಗಳು ಹಿಂದೆಗೆಯಲ್ಪಟ್ಟದ್ದೂ ಒಂದು ಕಾರಣ. 2013ರಲ್ಲಿ ರೂಪಾಯಿ ಕುಸಿದಾಗ ಅದೇ ಅನಿವಾಸಿಗಳ ಸುಮಾರು 2,600 ಕೋಟಿ ಡಾಲರುಗಳ ಠೇವಣಿಯೇ ಆಸರೆಯಾಯಿತು. ದೇಶದ ಬೊಕ್ಕಸಕ್ಕೆ ಊರುಗೋಲಾದವನಿಗೆ ದೇಶವು ಒಂದಿಷ್ಟು ತಿಳಿವಳಿಕೆಯನ್ನಾದರೂ ಅವನ ನುಡಿಯಲ್ಲಿ ಕೊಡಬೇಡವೇ?

ಆದುದರಿಂದ ನಮ್ಮ ಸೂಚನೆಯಿದು. ಪಾಸ್‌ಪೋರ್ಟು ಕೈಗೆ ಬರುವಾಗಲೇ ಈ ಖಾತೆಗಳ ಭೇದವನ್ನು ವಿವರಿಸುವ ಒಂದು ಕನ್ನಡದ ಹಾಳೆಯೂ ಬರಲಿ. ಪರದೇಶದ ಹಣ ಹೆಚ್ಚಾಗಿ ಬರುವ ಬೇಂಕು ಶಾಖೆಗಳಲ್ಲಿ ನಮೂನೆಗಳು ಕನ್ನಡದಲ್ಲಿಯೂ ಇರಲಿ. ತಿಂಗಳಿಗೊಮ್ಮೆಯಾದರೂ ಪ್ರವಾಸಿಗಳ ಮನೆಯವರನ್ನು ಕೂರಿಸಿ ತಿಳಿಸುವ ಕ್ರಮವಿರಲಿ. ಗ್ರಾಮ ಪಂಚಾಯತುಗಳೂ ಸಹಕಾರಿ ಸಂಘಗಳೂ ಇದಕ್ಕೆ ಕೈಗೂಡಿಸಲಿ. ಎರಡಾಣೆಯನ್ನು ಕೇಳಿಕೊಂಡು ಬಾಗಿಲಿಗೆ ಬಂದ ಬೇಂಕಿನ ಪರಂಪರೆಯವರು ನಾವು. ಅಂದು ಬಾಗಿಲಿಗೆ ಬಂದವರು ಇಂದು ಗಾಜಿನ ಕಿಂಡಿಯ ಹಿಂದೆ ಮೌನವಾಗಿ ಕುಳಿತರೆ ಆ ಪರಂಪರೆಗೆ ಅದು ಶೋಭೆಯಲ್ಲ.

ಮೆಲ್ಕಾರಿನಿಂದ ನಾಳೆ ಬೆಳಗ್ಗೆ ವಿಮಾನ ನಿಲ್ದಾಣಕ್ಕೆ ಹೊರಡುವ ಯುವಕನಿಗೆ ತಾಯಿ ಉಪ್ಪಿನಕಾಯಿಯ ಭರಣಿಯನ್ನು ಸೋರದಂತೆ ಕಟ್ಟಿ ಕೊಡುವಳು. ಅವನ ಮುಂದಿನ ಇಪ್ಪತ್ತು ವರ್ಷಗಳ ಉಳಿತಾಯವೂ ಸೋರದಂತೆ ಕಟ್ಟಿಕೊಡುವುದು ನಮ್ಮೆಲ್ಲರ ಹೊಣೆ.