ಕ್ಯಾಮೆರಾಕ್ಕೆ ಕಾಣದ ಟ್ರಿಟಿಯಂ: ಕೈಗಾ ಕಾರ್ಮಿಕರೂ ಕಣ್ಗಾವಲೂ

ಕಾರವಾರ ತಾಲೂಕಿನ ಒಳನಾಡಿನಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಅಂಚಿಗಿರುವ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿದ್ದು, 2000ದಿಂದ 2011ರ ಅವಧಿಯಲ್ಲಿ ಅವು ಒಂದೊಂದಾಗಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಂಥ ಸ್ಥಾವರದಲ್ಲಿ ಒಬ್ಬನ ಕೈತಪ್ಪು ಹಲವರ ದೇಹಕ್ಕೂ ಸುತ್ತಲಿನ ನೀರಿಗೂ ತಟ್ಟಬಹುದಾದ್ದರಿಂದ, ಕಾರ್ಮಿಕರ ಕೆಲಸವನ್ನು ಸದಾ ಚಿತ್ರೀಕರಿಸಿ ಸಾರ್ವಜನಿಕರೂ ನೋಡುವಂತೆ ಮಾಡಬೇಕೆಂಬ ವಾದ ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಕ್ಯಾಮೆರಾ ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು ಎಂಬುದನ್ನು ತಿಳಿಯಲು ಕೈಗಾದಲ್ಲಿಯೇ 2009ರಲ್ಲಿ ನಡೆದ ಘಟನೆಯನ್ನು ಪರಿಶೀಲಿಸುವುದು ಅಗತ್ಯ.

ಆ ವರ್ಷದ ನವೆಂಬರ್ ತಿಂಗಳಲ್ಲಿ, ವಾರ್ಷಿಕ ನಿರ್ವಹಣೆಗಾಗಿ ಮೊದಲನೆಯ ಘಟಕವನ್ನು ನಿಲ್ಲಿಸಲಾಗಿದ್ದಾಗ, ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಹತ್ತಾರು ಕಾರ್ಮಿಕರ ದೇಹದಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಮೂಲವನ್ನು ಹುಡುಕುತ್ತ ಹೋದಾಗ ಅದು ಘಟಕದೊಳಗಿನ ಕುಡಿಯುವ ನೀರಿನ ಕೂಲರ್ ಎಂದು ಗೊತ್ತಾಯಿತು. ಟ್ರಿಟಿಯಂ ಬೆರೆತ ಭಾರಜಲವನ್ನು ಯಾರೋ ಅದಕ್ಕೆ ಸೇರಿಸಿದ್ದರು. ಇದು ಸೋರಿಕೆಯಲ್ಲ, ಒಳಗಿನವರೇ ದುರುದ್ದೇಶದಿಂದ ಎಸಗಿದ ಕೃತ್ಯ ಎಂದು ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರೇ ಹೇಳಿದರು.

ಭಾರಜಲವೆಂದರೆ ಸಾಮಾನ್ಯ ಹೈಡ್ರೋಜನ್ನಿನ ಬದಲು ಅದರ ಇಮ್ಮಡಿ ತೂಕದ ರೂಪವಾದ ಡ್ಯುಟೀರಿಯಂ ಇರುವ ನೀರು. ನ್ಯೂಟ್ರಾನುಗಳ ವೇಗ ತಗ್ಗಿಸಲು ಕೈಗಾದ ರಿಯಾಕ್ಟರುಗಳಲ್ಲಿ ಇದನ್ನು ಬಳಸುತ್ತಾರೆ. ಡ್ಯುಟೀರಿಯಂ ಒಂದು ನ್ಯೂಟ್ರಾನನ್ನು ಹೀರಿಕೊಂಡಾಗ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಅದರ ಅರ್ಧಾಯು, ಅಂದರೆ ಇದ್ದ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಕಾಲ, 12.3 ವರ್ಷ. ಅದು ಹೊಮ್ಮಿಸುವ ಬೀಟಾ ಕಣಗಳು ಎಷ್ಟು ದುರ್ಬಲವೆಂದರೆ, ಗಾಳಿಯಲ್ಲಿ ಕೆಲವು ಮಿಲಿಮೀಟರ್ ದೂರವನ್ನಷ್ಟೇ ಕ್ರಮಿಸಿ, ಚರ್ಮದ ಹೊರಪದರವನ್ನೂ ದಾಟಲಾರದೆ ನಿಂತುಬಿಡುತ್ತವೆ. ಹಾಗಾಗಿ ಕಾರ್ಮಿಕರು ಎದೆಗೆ ಸಿಕ್ಕಿಸಿಕೊಳ್ಳುವ ವಿಕಿರಣಮಾಪಕ ಬ್ಯಾಡ್ಜಿಗೆ ಅವು ತಟ್ಟುವುದೇ ಇಲ್ಲ. ಅಪಾಯವಿರುವುದು ಟ್ರಿಟಿಯಂ ಒಳಸೇರಿದಾಗ, ಏಕೆಂದರೆ ನೀರಿನ ರೂಪದಲ್ಲಿ ಅದು ಮೈಯ ಎಲ್ಲ ಅಂಗಾಂಶಗಳಿಗೂ ಹರಡುತ್ತದೆ. ಸುಮಾರು ಹತ್ತು ದಿನಗಳಲ್ಲಿ ಅದರ ಅರ್ಧಭಾಗ ಮೂತ್ರ ಮತ್ತು ಬೆವರಿನೊಂದಿಗೆ ಹೊರಹೋಗುವುದರಿಂದ, ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಡುವುದೇ ಇದಕ್ಕೆ ಚಿಕಿತ್ಸೆ.

ಕೂಲರಿನ ಮುಂದೆ ಕ್ಯಾಮೆರಾ ಇದ್ದರೆ ನೀರಿಗೆ ಏನನ್ನೋ ಬೆರೆಸಿದ ಕೈ ಕಂಡೀತು, ಆದರೆ ಬೆರೆಸಿದ್ದು ಟ್ರಿಟಿಯಂ ಎಂದಾಗಲಿ, ಅದು ಯಾರ ಮೈಯೊಳಗೆ ಎಷ್ಟು ಸೇರಿತೆಂದಾಗಲಿ ಕ್ಯಾಮೆರಾ ತಿಳಿಸಲಾರದು. ಭಾರತದಲ್ಲಿ ವಿಕಿರಣ ಕಾರ್ಮಿಕರಿಗೆ ಒಂದು ವರ್ಷದಲ್ಲಿ ಗರಿಷ್ಠ 30 ಮಿಲಿಸೀವರ್ಟ್, ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್ ಎಂಬ ಮಿತಿಯಿದೆ (ವಿಕಿರಣದಿಂದ ದೇಹಕ್ಕಾಗುವ ಹಾನಿಯ ಸಾಧ್ಯತೆಯನ್ನು ಅಳೆಯುವ ಮಾನ ಸೀವರ್ಟ್, ಅದರ ಸಾವಿರದ ಒಂದು ಭಾಗ ಮಿಲಿಸೀವರ್ಟ್). ಈ ಮಿತಿಗಳನ್ನು ಕಾಯುವುದು ಅಳತೆಗಳು, ಚಿತ್ರಗಳಲ್ಲ. ಕೈಗಾದಲ್ಲಿ ಮೊದಲ ಎಚ್ಚರಿಕೆ ಬಂದದ್ದೂ ಪ್ರಯೋಗಾಲಯದಿಂದಲೇ.

ಹಾಗೆಂದು ಚಿತ್ರೀಕರಣ ನಿರರ್ಥಕವಲ್ಲ, ಯಾರ ಕಣ್ಣಿಗೆ ಬೀಳಲೆಂದು ಚಿತ್ರೀಕರಿಸಲಾಗುತ್ತದೆ ಎಂಬುದೇ ಮುಖ್ಯ. ಜಪಾನಿನ ತೊಕಾಯಿಮುರಾದ ಇಂಧನ ಘಟಕದಲ್ಲಿ 1999ರ ಸೆಪ್ಟೆಂಬರ್ 30ರಂದು ಯುರೇನಿಯಂ ದ್ರಾವಣವನ್ನು ಬಕೆಟ್‌ಗಳಿಂದ ತೊಟ್ಟಿಗೆ ಸುರಿದಾಗ ಸರಪಳಿ ಕ್ರಿಯೆ ಆರಂಭವಾಗಿ, ಮುಂದೆ ಇಬ್ಬರು ಕಾರ್ಮಿಕರು ಸತ್ತರು. ಬಕೆಟ್ ಬಳಕೆ ಕಾರ್ಮಿಕರು ತಾವಾಗಿ ಕಂಡುಕೊಂಡ ಅಡ್ಡದಾರಿಯಾಗಿರಲಿಲ್ಲ. ಸರ್ಕಾರದ ಒಪ್ಪಿಗೆಯಿಲ್ಲದೆ ಕಂಪನಿಯೇ ತನ್ನ ಕೈಪಿಡಿಯಲ್ಲಿ ಅದನ್ನು ಸೇರಿಸಿಕೊಂಡಿತ್ತು. ಅಂಥಲ್ಲಿ ಕಂಪನಿಯೊಳಗಿನ ಕ್ಯಾಮೆರಾ ಕಂಪನಿಗೆ ಮೊದಲೇ ತಿಳಿದಿದ್ದನ್ನೇ ಮತ್ತೆ ತೋರಿಸುತ್ತಿತ್ತು. ಜಪಾನಿನದೇ ಫುಕುಶಿಮಾ ಅಣು ಸ್ಥಾವರದ ದುರಂತದ ನಂತರ ಅಲ್ಲಿನ ನೇರ ದೃಶ್ಯವನ್ನು ಜಗತ್ತಿಗೆ ತೋರಿಸುವ ಕ್ಯಾಮೆರಾ ಇಡಲಾಯಿತು, 2011ರ ಆಗಸ್ಟಿನಲ್ಲಿ ರಕ್ಷಾಕವಚ ತೊಟ್ಟ ಕಾರ್ಮಿಕನೊಬ್ಬ ಅದರ ಮುಂದೆ ನಿಂತು ನೋಡುವವರತ್ತಲೇ ಬೆರಳು ತೋರಿಸಿದ. ಅದೇ ವರ್ಷದ ಕೊನೆಗೆ ಅಲ್ಲಿನ ಒಬ್ಬ ಉಪಗುತ್ತಿಗೆದಾರ ಅಳತೆ ಕಡಿಮೆ ಬರಲೆಂದು ಮಾಪಕಗಳಿಗೆ ಸೀಸದ ತಗಡು ಮುಚ್ಚುವಂತೆ ಕಾರ್ಮಿಕರಿಗೆ ಹೇಳಿದ್ದು ಮರುವರ್ಷ ಬಯಲಾಯಿತು. ದೂರದಿಂದ ಕಟ್ಟಡವನ್ನು ತೋರಿಸುತ್ತಿದ್ದ ಕ್ಯಾಮೆರಾಕ್ಕೆ ಈ ತಗಡು ಕಾಣುವಂತಿರಲಿಲ್ಲ, ಮತ್ತು ಆ ಅಕ್ರಮ ಹುಟ್ಟಿದ್ದು ಮೇಲಿನವರ ಮಾತಿನಿಂದ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ತನ್ನ ಮೇಲ್ವಿಚಾರಣೆಯಲ್ಲಿರುವ ಸ್ಥಾವರಗಳಲ್ಲಿ ಮುದ್ರೆಯೊತ್ತಿದ ಕ್ಯಾಮೆರಾಗಳನ್ನಿಡುತ್ತದೆ. ಅವು ಗಮನಿಸುವುದು ಇಂಧನವನ್ನು. ಚಿತ್ರಗಳನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಕೈಗಾದ ಘಟಕಗಳು ಆ ಮೇಲ್ವಿಚಾರಣೆಗೆ ಒಳಪಟ್ಟಿಲ್ಲ. ಉಳಿಯುವುದು ಭಾರತದ ಅಣುಶಕ್ತಿ ನಿಯಂತ್ರಣ ಮಂಡಳಿ. ಅದಕ್ಕೆ ಸಾಕಷ್ಟು ಕಾನೂನಾತ್ಮಕ ಸ್ವಾತಂತ್ರ್ಯವಿಲ್ಲವೆಂದು ಮಹಾಲೇಖಪಾಲರ ವರದಿ 2012ರಲ್ಲಿ ಎತ್ತಿ ತೋರಿಸಿತ್ತು. ಕೂಲರ್ ಪ್ರಕರಣ ನಡೆದಾಗ ಜಾರಿಯಲ್ಲಿದ್ದ 1962ರ ಅಣುಶಕ್ತಿ ಕಾಯಿದೆಯ 18ನೇ ವಿಧಿ ಸ್ಥಾವರದ ಮಾಹಿತಿಯನ್ನು ಬಹಿರಂಗಪಡಿಸದಂತೆ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು.

ಸ್ಥಾವರದೊಳಗಿನ ದೃಶ್ಯ ಎಲ್ಲರಿಗೂ ಸಿಕ್ಕರೆ, ಕಾವಲು ಎಲ್ಲಿ ಸಡಿಲವೆಂಬುದು ಕೇಡು ಬಗೆಯುವವರಿಗೂ ತಿಳಿಯುತ್ತದೆ. ಕಾರ್ಮಿಕರ ಖಾಸಗಿತನವಂತೂ ಉಳಿಯುವುದೇ ಇಲ್ಲ. ಆದ್ದರಿಂದ ಚಿತ್ರಗಳು ಸ್ಥಾವರದ ಆಡಳಿತಕ್ಕೆ ಅಧೀನವಲ್ಲದ ಪರಿಶೀಲಕರ ಕೈಗೆ ಹೋಗುವುದು, ಅಳತೆಗಳು ಜನರ ಮುಂದೆ ಬರುವುದು ಹೆಚ್ಚು ಸರಿಯಾದ ವ್ಯವಸ್ಥೆ. ಕೈಗಾದ ಪರಿಸರ ಪ್ರಯೋಗಾಲಯ ಸುತ್ತಲಿನ ನೀರು, ಹಾಲು, ಮೀನುಗಳ ಮಾದರಿಗಳನ್ನು ಪರೀಕ್ಷಿಸುತ್ತಲೇ ಬಂದಿದೆ. ಕಾಳಿ ಸಮುದ್ರ ಸೇರುವ ಕಾರವಾರದ ಮೀನುಗಾರರಿಗೂ ನೆರೆಯ ಅಂಕೋಲೆಯ ರೈತರಿಗೂ ಆ ಅಂಕಿಗಳು ಕನ್ನಡದಲ್ಲಿ, ಪಂಚಾಯಿತಿ ಕಚೇರಿಯ ಫಲಕದಲ್ಲಿ, ಪ್ರತಿ ತಿಂಗಳೂ ಸಿಗಬೇಕು. ಅವುಗಳ ಜೊತೆಗೆ, ಕಾಯಂ ಮತ್ತು ಗುತ್ತಿಗೆ ಕಾರ್ಮಿಕರ ಮೂತ್ರ ಪರೀಕ್ಷೆಯ ಫಲಿತಾಂಶಗಳನ್ನು ಹೆಸರಿಲ್ಲದೆ, ಎಷ್ಟು ಮಂದಿಗೆ ಎಷ್ಟು ಮಿಲಿಸೀವರ್ಟ್ ಎಂಬ ರೂಪದಲ್ಲಿ ಪ್ರಕಟಿಸುವುದಕ್ಕೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.