ಕುಂದಾಪುರ ಸೀಮೆಯ ಕಂಬಳಗದ್ದೆಗಳು

ಕೋಣಗಳ ಓಟ ನಡೆಯುವ ಕೆಸರುಗದ್ದೆಗೆ ಕಂಬಳಗದ್ದೆ ಎಂದು ಹೆಸರು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇಂತಹ ಹಲವು ಗದ್ದೆಗಳಿದ್ದು, ವಂಡಾರು, ಚೋರಾಡಿ, ತಗ್ಗರ್ಸೆ ಮೊದಲಾದ ಊರುಗಳ ಕಂಬಳಗಳು ಪ್ರಸಿದ್ಧವಾಗಿವೆ. ಬೆಂಗಳೂರು, ಮೈಸೂರುಗಳ ಕುದುರೆ ಓಟದ ಮೈದಾನಗಳು ಪಂದ್ಯಕ್ಕೆಂದೇ ನಿರ್ಮಾಣವಾದವು. ಕಂಬಳಗದ್ದೆಯಾದರೋ ವರ್ಷದಲ್ಲಿ ಒಂದು ದಿನ ಮಾತ್ರ ಓಟದ ಕಣ. ಉಳಿದಂತೆ ಭತ್ತ ಬೆಳೆಯುವ ಹೊಲ. ಈ ವ್ಯತ್ಯಾಸವನ್ನು ಗಮನಿಸದೆ ಕಂಬಳದ ಚರಿತ್ರೆಯನ್ನು ಅರಿಯುವುದು ಕಷ್ಟ.

ಹಿನ್ನೆಲೆ

‘ಕಂಪ’ ಎಂದರೆ ಕೆಸರು. ಕೆಸರಿನ ಕಣವಾದ್ದರಿಂದ ಕಂಬಳ ಎಂಬ ಹೆಸರು ಬಂದಿತೆಂಬ ವಿವರಣೆ ಪ್ರಚಲಿತದಲ್ಲಿದೆ. ತುಳುವಿನಲ್ಲಿ ಇದನ್ನು ಕಂಬುಲ ಎನ್ನುವರು. ಕರಾವಳಿಯಲ್ಲಿ ಮಳೆಗಾಲದ ಬೆಳೆ ಕೊಯ್ಲಾದ ನಂತರ, ಸುಗ್ಗಿ ಬೆಳೆಗೆ ಗದ್ದೆಯನ್ನು ಹದಗೊಳಿಸುವ ಸಮಯದಲ್ಲಿ, ಅಂದರೆ ಸಾಮಾನ್ಯವಾಗಿ ನವೆಂಬರ್ ತಿಂಗಳಿನಿಂದ, ಕಂಬಳಗಳು ಆರಂಭವಾಗುತ್ತವೆ. ನೀರು ನಿಲ್ಲಿಸಿ, ಉತ್ತು, ಮಣ್ಣನ್ನು ನುಣ್ಣಗೆ ಕಲಸಿದ ಗದ್ದೆಯಲ್ಲಿ ಕೋಣಗಳು ಓಡುತ್ತವೆ. ಆದುದರಿಂದ ಇದು ಬೇಸಾಯದಿಂದಲೇ ಹುಟ್ಟಿದ ಆಚರಣೆಯೆಂದು ತಿಳಿಯುವುದು ಯುಕ್ತ.

ಕಂಬಳಗದ್ದೆಯು ಸಾಮಾನ್ಯವಾಗಿ ಊರಿನ ಹಿರಿಯ ಮನೆತನವೊಂದಕ್ಕೆ ಸೇರಿರುತ್ತಿತ್ತು. ಅಂದು ದೈವ-ದೇವರಿಗೆ ಪೂಜೆ ಸಲ್ಲಿಸಿದ ಬಳಿಕವೇ ಕೋಣಗಳನ್ನು ಗದ್ದೆಗೆ ಇಳಿಸುವುದು ರೂಢಿ. ಸುತ್ತಲಿನ ಊರುಗಳ ಕೃಷಿಕರು ತಮ್ಮ ಕೋಣಗಳನ್ನು ಸಿಂಗರಿಸಿ, ವಾದ್ಯಗಳೊಡನೆ ತರುವರು. 1974ರ ಭೂಸುಧಾರಣೆಯ ನಂತರ ದೊಡ್ಡ ಹಿಡುವಳಿಗಳು ಕರಗಿದವು. ಟ್ರ್ಯಾಕ್ಟರ್, ಟಿಲ್ಲರ್‌ಗಳು ಬಂದ ಮೇಲೆ ಉಳುವ ಕೋಣಗಳ ಸಂಖ್ಯೆಯೂ ಇಳಿಯಿತು. ಇಂದು ಓಟದ ಕೋಣವನ್ನು ಸಾಕುವುದೆಂದರೆ ಹುರುಳಿ, ಎಣ್ಣೆ, ಆರೈಕೆಗಳಿಗೆ ವರ್ಷವಿಡೀ ಹಣ ಸುರಿಯುವ ಹವ್ಯಾಸ.

ಓಟದ ಬಗೆಗಳು

ಹಗ್ಗದ ಓಟದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡಿಸುವವನು ಜೋಡಿ ಕೋಣಗಳ ಹಿಂದೆಯೇ ಓಡುತ್ತಾನೆ. ನೇಗಿಲು ವಿಭಾಗದಲ್ಲಿ ಹಗುರವಾದ ನೇಗಿಲಿನಾಕಾರದ ಮರವಿರುತ್ತದೆ. ಅಡ್ಡ ಹಲಗೆಯಲ್ಲಿ ಅವನು ಹಲಗೆಯ ಮೇಲೆ ನಿಲ್ಲುವನು. ಕನೆ ಹಲಗೆ ಎಲ್ಲಕ್ಕಿಂತ ಕುತೂಹಲಕರವಾದುದು: ತೂತುಗಳಿರುವ ಹಲಗೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತು ಸಾಗುವಾಗ ನೀರು ಮೇಲಕ್ಕೆ ಚಿಮ್ಮುತ್ತದೆ. ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಆ ನೀರು ಮುಟ್ಟಬೇಕು. ಇಲ್ಲಿ ವೇಗಕ್ಕಿಂತ ನೀರಿನ ಎತ್ತರವೇ ಗೆಲುವನ್ನು ನಿರ್ಣಯಿಸುತ್ತದೆ.

ದಕ್ಷಿಣ ಕನ್ನಡ ಹಾಗೂ ಕಾರ್ಕಳದ ಕಡೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ‘ಜೋಡುಕೆರೆ’ ಕಂಬಳ ಬೆಳೆಯಿತು. ಅಕ್ಕಪಕ್ಕದ ಎರಡು ಕಣಗಳಲ್ಲಿ ಎರಡು ಜೋಡಿಗಳು ಏಕಕಾಲದಲ್ಲಿ ಓಡುತ್ತವೆ. ಹೊನಲು ಬೆಳಕು, ಸಮಯ ಅಳೆಯುವ ಯಂತ್ರ, ಚಿನ್ನದ ಬಹುಮಾನ ಎಲ್ಲವೂ ಇವೆ. ಕುಂದಾಪುರ ಸೀಮೆಯ ಸಾಂಪ್ರದಾಯಿಕ ಕಂಬಳಗಳು ಈ ಅಬ್ಬರದಿಂದ ಬಹುಮಟ್ಟಿಗೆ ದೂರವಿದ್ದು, ಇಂದಿಗೂ ಊರಹಬ್ಬದ ಸ್ವರೂಪವನ್ನೇ ಉಳಿಸಿಕೊಂಡಿವೆ.

ಕೊರಗರು ಮತ್ತು ಅಜಲು

ಕಂಬಳದ ವೈಭವವನ್ನು ವರ್ಣಿಸುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಚಳಿಯಲ್ಲಿ ಕುಳಿತು ಡೋಲು ಬಾರಿಸುತ್ತ ಬೆಳಗು ಮಾಡಬೇಕಿತ್ತು. ತುಳುವಿನಲ್ಲಿ ಇದು ‘ಪನಿ ಕುಲ್ಲುನೆ’, ಅಂದರೆ ಇಬ್ಬನಿಯಲ್ಲಿ ಕೂರುವುದು. ಕೋಣಗಳಿಗೆ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುವ ಪದ್ಧತಿಯೂ ಇತ್ತು. ಕೋಣದ ಕಾಲಿಗೆ ಮುಳ್ಳು ಚುಚ್ಚಬಾರದೆಂಬ ಕಾಳಜಿ ಮನುಷ್ಯನ ಕಾಲಿನ ಬಗ್ಗೆ ಇರಲಿಲ್ಲ. ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರ್ಕಾರವು 2000ದಲ್ಲಿ ತಂದ ಅಧಿನಿಯಮದಲ್ಲಿ, ಕಂಬಳದ ಆರಂಭಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದನ್ನು ಹೆಸರಿಸಿಯೇ ಹೇಳಲಾಗಿದೆ.

ಕಾನೂನಿನ ವಿವಾದ

ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ನೀಡಿದ ತೀರ್ಪಿನ ಪರಿಣಾಮವಾಗಿ ಕಂಬಳಕ್ಕೂ ತಡೆಯುಂಟಾಯಿತು. ಕುದುರೆಯಂತೆ ವೇಗದ ಓಟಕ್ಕೆ ಒಗ್ಗುವ ದೇಹರಚನೆ ಕೋಣಕ್ಕಿಲ್ಲ, ಬೆತ್ತದ ಹೊಡೆತವಿಲ್ಲದೆ ಅದು ಓಡದು ಎಂಬುದು ವಿರೋಧಿಸಿದವರ ಮುಖ್ಯ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕರಾವಳಿಯಲ್ಲಿ ಪ್ರತಿಭಟನೆಗಳು ನಡೆದು, ರಾಜ್ಯವು 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೆ ಷರತ್ತುಬದ್ಧ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕಂಬಳ ನಡೆಯಿತು.

2022ರಲ್ಲಿ ತೆರೆಕಂಡ, ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ಚಿತ್ರೀಕರಣಗೊಂಡ ‘ಕಾಂತಾರ’ ಚಲನಚಿತ್ರದಲ್ಲಿ ಕಂಬಳದ ದೃಶ್ಯವಿದೆ.